10 ನಿಮಿಷದ ಕಂಪನ 1 ಗಂಟೆಯ ನಡಿಗೆಗೆ ಸಮವಲ್ಲ

ಕಂಪನ ಯಂತ್ರದ ಮೇಲೆ 10 ನಿಮಿಷ ನಿಂತರೆ 1 ಗಂಟೆ ನಡೆದಷ್ಟೇ ಫಲ ಸಿಗುತ್ತದೆ ಎಂದು ನಾನು ಓದಿದ ಲೇಖನವೊಂದು ಹೇಳುತ್ತದೆ; ಅದರ ಲೇಖಕರ ಈ ಮಾತನ್ನು ನಾನು ಒಪ್ಪಲಾರೆ. 60 ಕಿಲೋ ತೂಕದವರು 1 ಗಂಟೆ ಚುರುಕಾಗಿ ನಡೆದರೆ ಸುಮಾರು 250 ಕ್ಯಾಲೊರಿ ಖರ್ಚಾಗುತ್ತದೆ. ಕಂಪಿಸುವ ಹಲಗೆಯ ಮೇಲೆ ಸುಮ್ಮನೆ ನಿಂತಾಗ ಸ್ನಾಯುಗಳು ತಾವಾಗಿಯೇ ಬಿಗಿದು ಸಡಿಲಗೊಳ್ಳುವುದು ನಿಜವಾದರೂ, 10 ನಿಮಿಷದಲ್ಲಿ ಆ ಖರ್ಚು 50 ಕ್ಯಾಲೊರಿ ದಾಟುವುದೂ ಕಷ್ಟ. ಒಂದು ಕಿಲೋ ಕೊಬ್ಬು ಕರಗಲು ಖರ್ಚಾಗಬೇಕಾದದ್ದು ಸುಮಾರು 7,700 ಕ್ಯಾಲೊರಿ.

ನಮ್ಮ ಮನೆಗೂ ಇಂಥದೊಂದು ಯಂತ್ರ ಬಂದಿತ್ತು. ಗುಂಡಿ ಒತ್ತಿದೊಡನೆ ಪಕ್ಕದ ಶೋಕೇಸಿನ ಗಾಜು ಗಡಗಡ ಎನ್ನುತ್ತಿತ್ತು. ಮಧುಮೇಹವಿರುವ ನನ್ನ ತಾಯಿ ಅದನ್ನೇ ನಂಬಿ ಸಂಜೆಯ ನಡಿಗೆಯನ್ನು ಬಿಟ್ಟರು. ಮೂರು ತಿಂಗಳು ಕಳೆದರೂ ತೂಕ ಇಳಿಯಲಿಲ್ಲ, ರಕ್ತದ ಸಕ್ಕರೆ ಏರಿತು. ಹಣ ಹೋದದ್ದಕ್ಕಿಂತ ಆ ನಡಿಗೆ ತಪ್ಪಿದ್ದೇ ನನ್ನನ್ನು ಇಂದಿಗೂ ಕಾಡುತ್ತದೆ. ಹಾಗೆಂದು ಯಂತ್ರವೇ ನಿರುಪಯುಕ್ತ ಎನ್ನಲಾರೆ: ಹಿರಿಯರು ಅದರ ಮೇಲೆ ಮಂಡಿ ಮಡಿಸಿ ನಿಧಾನವಾಗಿ ಬೈಠಕ್ ಮಾಡಿದರೆ ಕಾಲಿನ ಬಲ ಸ್ವಲ್ಪ ಸುಧಾರಿಸಬಹುದು. ಆದರೆ ಗರ್ಭಿಣಿಯರು, ಪೇಸ್‌ಮೇಕರ್ ಅಳವಡಿಸಿಕೊಂಡವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು ವೈದ್ಯರನ್ನು ಕೇಳದೆ ಅದನ್ನು ಹತ್ತಬಾರದು ಎಂಬ ಒಂದು ಸಾಲಾದರೂ ಲೇಖನದಲ್ಲಿ ಇರಬೇಕಿತ್ತು.