ಬಿಲ್ ಆಗಿದೆ ಸಾರ್

ಶಿವಮೊಗ್ಗದ ದುರ್ಗಿಗುಡಿಯ ಹೋಟೆಲೊಂದರಲ್ಲಿ ದೋಸೆ ತಿಂದು ಗಲ್ಲಾಪೆಟ್ಟಿಗೆ ಮುಂದೆ ಪರ್ಸ್ ತೆಗೆದರೆ, ಅವನು ತಲೆ ಎತ್ತದೆ 'ಬಿಲ್ ಆಗಿದೆ ಸಾರ್' ಅಂದ. ಬಾಗಿಲ ಹತ್ತಿರ ನಮ್ಮ ಭಾವ ಹಲ್ಲುಕಡ್ಡಿ ಕಚ್ಚಿಕೊಂಡು, ಏನೂ ಗೊತ್ತಿಲ್ಲದವರ ಹಾಗೆ ರಸ್ತೆ ನೋಡುತ್ತಾ ನಿಂತಿದ್ದರು. ಕೈ ತೊಳೆದು ಬರ್ತೀನಿ ಅಂತ ಎದ್ದವರು ಮಾಡಿದ ಕೆಲಸ ಇದು.

ನನಗೆ ಸಿಟ್ಟು ಬಂತು. ತೋರಿಕೆಯ ಸಿಟ್ಟಲ್ಲ, ನಿಜವಾದ ಸಿಟ್ಟು. ದೋಸೆಯ ರುಚಿಯೂ ನಾಲಿಗೆಯಿಂದ ಹೋಯಿತು.

ಜೊತೆಗಿದ್ದ ಮೇಷ್ಟ್ರು ನಕ್ಕರು. ರಿಟೈರಾದವರು. ಮನೆಯಲ್ಲಿ ಕೊಂಕಣಿ, ಹೊರಗೆ ನಮಗಿಂತ ಒಳ್ಳೆ ಕನ್ನಡ. ಭಾನುವಾರ ಬಂತೆಂದರೆ ಬಿ.ಎಚ್. ರಸ್ತೆಯ ಸೇಕ್ರೆಡ್ ಹಾರ್ಟ್ ಚರ್ಚಿನಲ್ಲಿ ಹಾಜರು. 'ಎರಡು ದೋಸೆ ದುಡ್ಡು ಬೇರೆಯವರು ಕೊಟ್ಟಿದ್ದಕ್ಕೇ ಇಷ್ಟು ಉರಿಯೋದಾದ್ರೆ, ನಮ್ಮ ಶುಭ ಶುಕ್ರವಾರ ನಿಮಗೆ ತಡ್ಕೊಳೋಕೆ ಆಗಲ್ಲ ಬಿಡಿ' ಅಂದರು. ಅವರ ಪ್ರಕಾರ ನಮ್ಮೆಲ್ಲರ ಪಾಪದ ಬಿಲ್ಲು ಶಿಲುಬೆಯ ಮೇಲೆ ಆಗಲೇ ಚುಕ್ತಾ ಆಗಿದೆ. ಕ್ಷಮೆ, ನೆಮ್ಮದಿ, ದೇವರ ಮನೆಯ ಮಕ್ಕಳು ಅನ್ನೋ ಹಕ್ಕು, ಎಲ್ಲಾ ಅದರ ಜೊತೆಗೇ ಬರುತ್ತದೆ. ಕೈ ಚಾಚಿ ತಗೊಂಡರೆ ಆಯಿತು.

ಆಯಿತು ಅಂದರೆ ಹೇಗೆ ಆಗುತ್ತೆ? ನಾವು ಮುಯ್ಯಿಯ ಜನ. ಅಪ್ಪನ ಮುಯ್ಯಿ ಪುಸ್ತಕ ಇನ್ನೂ ಅಟ್ಟದ ಮೇಲಿದೆ. ಅಕ್ಕನ ಮದುವೆಗೆ ಯಾರು ಎಷ್ಟು ಹಾಕಿದರು, ಅವರ ಮನೆ ಮದುವೆಗೆ ನಾವು ಎಷ್ಟು ಹಾಕಿದೆವು, ಎಲ್ಲಾ ಅದರಲ್ಲಿದೆ. ಹನ್ನೊಂದು ಬಂದ ಕಡೆಗೆ ಹನ್ನೊಂದೇ ಹೋಗಬೇಕು. ಹದಿನೈದು ಹಾಕಿದರೆ ಜಂಬ, ಹತ್ತು ಹಾಕಿದರೆ ಜಗಳ. ಸ್ಟೀಲ್ ಡಬ್ಬ ಕೊಟ್ಟ ಒಬ್ಬರ ಹೆಸರಿನ ಮುಂದೆ ಅಪ್ಪ 'ಮುಚ್ಚಳ ಸರಿ ಕೂರುವುದಿಲ್ಲ' ಅಂತ ಬರೆದಿದ್ದಾರೆ. ಅವರಿಗೆ ವಾಪಸ್ ಏನು ಹೋಯಿತೋ, ಅದರ ಮುಚ್ಚಳವೂ ಸರಿ ಇದ್ದಿರಲಾರದು.

ದುಡ್ಡಿನದು ಹೇಗೋ ತೀರುತ್ತದೆ, ಮುಯ್ಯಾಳಿನದೇ ಕಷ್ಟ. ನಮ್ಮ ಗದ್ದೆ ನೆಟ್ಟಿಗೆ ನಿಮ್ಮ ಮನೆಯಿಂದ ಇಬ್ಬರು ಬಂದರೆ ನಿಮ್ಮ ಗದ್ದೆಗೆ ನಮ್ಮಿಂದ ಇಬ್ಬರು ಹೋಗಲೇಬೇಕು. ಒಂದು ವರ್ಷ ಪಕ್ಕದ ಮನೆಯವರು ನಮ್ಮ ನೆಟ್ಟಿ ಮುಗಿಸಿಕೊಟ್ಟರು. ಆಮೇಲೆ ಅವರಿಗೆ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಗದ್ದೆ ಮಾರಿ ಹೊರಟೇ ಹೋದರು. ಅಪ್ಪನಿಗೆ ಅದೊಂದು ಮುಳ್ಳು. ಮಳೆ ಹಿಡಿದಾಗಲೆಲ್ಲ 'ಅವರ ಆಳು ತೀರಿಸಲಿಲ್ಲ' ಅಂತ ಶುರು. ಕೊನೆಗೊಂದು ದಿನ ಬಾಳೆಗೊನೆ ಹೊತ್ತುಕೊಂಡು ಬಸ್ಸು ಹತ್ತಿ ಭದ್ರಾವತಿಗೇ ಹೋದರು. ಕ್ವಾರ್ಟರ್ಸಿನಲ್ಲಿ ಗದ್ದೆ ಎಲ್ಲಿಂದ ಬರಬೇಕು? ಹಿತ್ತಲಲ್ಲಿ ಸೌದೆ ಕಂಡಿತು. ಆ ಮನೆಯವರು ಬೇಡ ಬೇಡ ಅಂದರೂ ಕೊಡಲಿ ಈಸಿಕೊಂಡು ಸಂಜೆಯವರೆಗೆ ಒಡೆದರು. ಅಂಗೈ ತುಂಬಾ ಬೊಬ್ಬೆ. ಮನೆಗೆ ಬಂದು, ಊಟ ಮಾಡಿ, ಪುಸ್ತಕದಲ್ಲಿ ಆ ಹೆಸರಿಗೆ ಗೀಟು ಎಳೆದು ಮಲಗಿದರು. ಅಷ್ಟು ಜೋರು ಗೊರಕೆ ನಾನು ಮತ್ತೆ ಕೇಳಿಲ್ಲ.

ಆನ್ಸೆಲ್ಮ್ ಅಂತೊಬ್ಬ ಆರ್ಚ್‌ಬಿಷಪ್ 1098ರ ಸುಮಾರಿಗೆ ಬರೆದು ಮುಗಿಸಿದ ಲೆಕ್ಕ ಅಪ್ಪನಿಗೆ ಒಪ್ಪಿಗೆಯಾಗುತ್ತಿತ್ತು. ಬಾಕಿ ಮನುಷ್ಯನದು, ತೀರಿಸಬೇಕಾದವನೂ ಅವನೇ, ತೀರಿಸುವ ತಾಕತ್ತು ಮಾತ್ರ ದೇವರಿಗೆ. ಅದಕ್ಕೇ ದೇವರು ಮನುಷ್ಯನಾಗಿ ಬರಬೇಕಾಯಿತು. ಜಮಾ ಖರ್ಚು ಸರಿಹೋಯಿತಲ್ಲ! 4ನೇ ಶತಮಾನದ ಬಿಷಪ್ ನಿಸ್ಸಾದ ಗ್ರೆಗೊರಿಯ ಕಥೆ ಇನ್ನೂ ಮಜಾ. ಯೇಸುವಿನ ಮನುಷ್ಯದೇಹವೇ ಎರೆ, ಒಳಗಿನ ದೈವವೇ ಗಾಳ, ನುಂಗಿ ಸಿಕ್ಕಿಬಿದ್ದ ಮೀನು ಸೈತಾನ. ಮೇಷ್ಟ್ರಿಗೆ ಇದು ತುಂಬಾ ಇಷ್ಟ. ಈಸ್ಟರಿಗೆ ಮುಂಚಿನ ತಪಸ್ಸುಕಾಲ ಅಂತ ಮಾಂಸ ಬಿಟ್ಟಿದ್ದಾರೆ, ಬಂಗುಡೆ ಬಿಟ್ಟಿಲ್ಲ.

ಎಲ್ಲಾ ಚುಕ್ತಾ ಆದಮೇಲೆ ಮತ್ತೆ ನಲವತ್ತು ದಿನದ ವ್ರತ ಯಾಕೆ ಅಂತ ಕೇಳಿದೆ. 'ಅದು ಬಾಕಿ ತೀರಿಸೋಕಲ್ಲ, ತೀರಿದೆ ಅನ್ನೋದು ನೆನಪಿರಲಿ ಅಂತ' ಅಂದರು. ಮೇಷ್ಟ್ರ ಹತ್ತಿರ ಎಲ್ಲದಕ್ಕೂ ಉತ್ತರ ಇರುತ್ತದೆ. ಅದೂ ಒಂದು ಕಿರಿಕಿರಿಯೇ.

ಆದರೆ ಬೈಬಲಿನಲ್ಲಿ ಮತ್ತಾಯನ 20ನೇ ಅಧ್ಯಾಯದ ದ್ರಾಕ್ಷಿತೋಟದ ಯಜಮಾನನನ್ನು ಮಾತ್ರ ನಾನು ಕ್ಷಮಿಸಲಾರೆ. ಬೆಳಿಗ್ಗೆಯಿಂದ ಬಿಸಿಲಲ್ಲಿ ದುಡಿದವನಿಗೂ, ಕೆಲಸ ಬಿಡೋಕೆ ಒಂದು ಗಂಟೆ ಇದ್ದಾಗ ಬಂದವನಿಗೂ ಒಂದೇ ಕೂಲಿಯಂತೆ! ತೀರ್ಥಹಳ್ಳಿ ಕಡೆಯ ತೋಟದಲ್ಲಿ ಹೀಗೊಂದು ದಿನ ಮಾಡಿ ನೋಡಲಿ. ಮಾರನೇ ದಿನ ಬೆಳಿಗ್ಗೆ ಒಂದು ನರಪಿಳ್ಳೆ ಬರುವುದಿಲ್ಲ, ಸಂಜೆ ಊರಿಗೆ ಊರೇ ಬರುತ್ತದೆ. ಗೊಣಗಿದವರದ್ದೇ ತಪ್ಪು ಅನ್ನುವ ಹಾಗೆ ಆ ಕಥೆ ಹೇಳುತ್ತಾರೆ. ನಾನು ಗೊಣಗಿದವರ ಕಡೆ.

ಅದೇ ಬೈಬಲಿನಲ್ಲಿ ಕಾಗದಗಳನ್ನು ಬರೆದ ಪೌಲ ಒಬ್ಬ ಸ್ವಲ್ಪ ನಮ್ಮವನ ಹಾಗೆ ಕಾಣುತ್ತಾನೆ. ಒನೇಸಿಮ ಅನ್ನುವ ಗುಲಾಮನ ಪರವಾಗಿ ಅವನ ಯಜಮಾನ ಫಿಲೆಮೋನನಿಗೆ ಕಾಗದ ಬರೆಯುತ್ತಾ, ಅವನದು ಏನಾದರೂ ಬಾಕಿ ಇದ್ದರೆ ನನ್ನ ಲೆಕ್ಕಕ್ಕೆ ಹಾಕು, ನಾನೇ ಕೊಡ್ತೀನಿ ಅನ್ನುತ್ತಾನೆ. ಎಷ್ಟು ದೊಡ್ಡ ಮಾತು ಅಂತ ಮೆಚ್ಚುವಷ್ಟರಲ್ಲಿ, ನೀನೇ ನನಗೆ ಋಣಿ ಅನ್ನೋದನ್ನ ನಾನು ಎತ್ತಲ್ಲ ಬಿಡು ಅಂತ ಎತ್ತಿಯೇ ಬಿಡುತ್ತಾನೆ. ಭಾವನ ಮಾತಿನ ಧಾಟಿಯೇ!

ಈಗ ಮೇಷ್ಟ್ರು ಪಾಸ್ಖ ಹಬ್ಬದ, ಅಂದರೆ ಈಸ್ಟರಿನ, ಊಟಕ್ಕೆ ಕರೆದಿದ್ದಾರೆ. 'ಕೈ ಬೀಸ್ಕೊಂಡು ಬನ್ನಿ, ಏನೂ ತರಬೇಡಿ' ಅಂತ ಒತ್ತಿ ಹೇಳಿದ್ದಾರೆ. 'ಬರಿಗೈಲಿ ಹೋಗೋಕಾಗುತ್ತೇನ್ರೀ?' ಅಂದಳು ಹೆಂಡತಿ. ಜೋನಿಬೆಲ್ಲ ಕೊಡುವುದು ಅಂತ ತೀರ್ಮಾನವಾಗಿದೆ, ಯಾವುದರಲ್ಲಿ ಅನ್ನುವುದು ಆಗಿಲ್ಲ. ಸ್ಟೀಲ್ ಡಬ್ಬವನ್ನು ಅವರು ಖಾಲಿ ವಾಪಸ್ ಕೊಡುವವರಲ್ಲ, ಏನಾದರೂ ತುಂಬಿಯೇ ಕಳಿಸುತ್ತಾರೆ, ಮತ್ತೆ ನಮ್ಮ ಸರದಿ ಶುರು. ಪ್ಲಾಸ್ಟಿಕ್ ಡಬ್ಬವಾದರೆ ಅಲ್ಲಿಗೇ ಮುಗೀತು ಅಂತ ನನ್ನ ವಾದ. ಅವಳು ಸ್ಟೀಲೇ ಆಗಬೇಕು ಅಂತ ಕೂತಿದ್ದಾಳೆ. ಕ್ರಿಸ್‌ಮಸ್ಸಿಗೆ ಅವರ ಮನೆಯ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳು, ಬಂದದ್ದು ಅದೇ ಡಬ್ಬದಲ್ಲಂತೆ.