13 ತುಂಬಿದರೆ ಯಾವ ಸೈನ್ಸ್ ಫಿಕ್ಷನ್ ಸಿನಿಮಾ ಆದರೂ ಸರಿಯೇ?

ಸಿನಿಮಾ ಸರ್ಟಿಫಿಕೇಟಿನಲ್ಲಿ ಯುಎ 13+ ಅಂದರೆ ಚಿಕ್ಕ ಮಕ್ಕಳಿಗೆ ಥಿಯೇಟರ್ ಪ್ರವೇಶವಿಲ್ಲ, 13 ತುಂಬಿದವರಿಗೆ ಏನೂ ತೊಂದರೆಯಿಲ್ಲ ಎನ್ನುವ ಮೆಸೇಜ್ ರಜೆ ಬಂದಾಗಲೆಲ್ಲ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಓಡಾಡುತ್ತದೆ. ಎರಡೂ ಮಾತು ಸರಿಯಲ್ಲ.

2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಂದ ತಿದ್ದುಪಡಿಯಲ್ಲಿ ಯುಎ ವರ್ಗವನ್ನು (ಪೋಷಕರ ಮಾರ್ಗದರ್ಶನ ಬೇಕಾದ ಚಿತ್ರಗಳು) 7+, 13+, 16+ ಎಂದು ಮೂರು ಮಾಡಿದರು. ಇವು ಅಪ್ಪ ಅಮ್ಮನಿಗೆ ಕೊಟ್ಟ ಸೂಚನೆ. ಗೇಟಿನಲ್ಲಿ ತಡೆಯುವ ನಿಯಮ ಇರುವುದು ‘ಎ’ ಚಿತ್ರಕ್ಕೆ, 18 ತುಂಬದವರಿಗೆ.

ಹಾಗಾದರೆ ವಯಸ್ಸೊಂದೇ ಸಾಕಾ? ಸಾಲದು. ಪುಟ್ಟ ಮಕ್ಕಳು ಕಣ್ಣಿಗೆ ಕಂಡದ್ದಕ್ಕೆ ಹೆದರುತ್ತಾರೆ: ವಿಕಾರ ಮುಖ, ಥಟ್ಟನೆ ಬರುವ ಶಬ್ದ. ದೊಡ್ಡವರಾದಂತೆ ‘ಇದು ನಿಜವಾಗಿ ಆಗಬಹುದಾ’ ಎನ್ನುವ ಭಯ ಜಾಸ್ತಿ. ಬಾಹ್ಯಾಕಾಶದಲ್ಲಿ ಒಬ್ಬರ ಹೆಲ್ಮೆಟ್ ಬಿರುಕು ಬಿಡುವ ದೃಶ್ಯ ನೆನಪಿಸಿಕೊಳ್ಳಿ. ರಕ್ತ ಇಲ್ಲ, ಕಿರುಚಾಟ ಇಲ್ಲ. ಆದರೂ ಹನ್ನೆರಡರ ಹುಡುಗಿ ರಾತ್ರಿಯೆಲ್ಲ ಅದನ್ನೇ ಯೋಚಿಸಬಹುದು. ಅವಳ ತಮ್ಮ ಸುಮ್ನೆ ರಾಕೆಟ್ ನೋಡಿ ಖುಷಿಪಟ್ಟಿರುತ್ತಾನೆ. ನನ್ನ ಪ್ರಕಾರ ಇಲ್ಲಿ ಮಗುವಿನ ಸ್ವಭಾವಕ್ಕೇ ಹೆಚ್ಚು ತೂಕ.

ಇಂಥ ಮೆಸೇಜ್ ಹಂಚುವವರದು ಮಕ್ಕಳ ಮೇಲಿನ ಕಾಳಜಿಯೇ, ಅಲ್ವಾ? ಆದರೆ ಮೊದಲು ಪೋಸ್ಟರ್ ಮೇಲಿನ ಗುರುತು ನೋಡಿ. ತಿದ್ದುಪಡಿ ಕಾಯ್ದೆ ಕೆಲವೇ ಪುಟ, ಸರ್ಕಾರದ ಜಾಲತಾಣದಲ್ಲಿ ಓದಬಹುದು. ಓಟಿಟಿಯಲ್ಲಿ ಚಿತ್ರ ಶುರುವಾಗುವಾಗ ವಯಸ್ಸಿನ ಜೊತೆ ಹಿಂಸೆ, ಭಯ ಎಂಬಂಥ ಕಾರಣವೂ ಕಾಣುತ್ತದೆ. ಯುಎ 13+ ಮತ್ತು ಅದಕ್ಕಿಂತ ಮೇಲಿನ ಚಿತ್ರಗಳಿಗೆ ಪೇರೆಂಟಲ್ ಲಾಕ್ ಸೌಲಭ್ಯ ಕೊಡಬೇಕೆಂಬ ನಿಯಮವಿದೆ. ಸಾಧ್ಯವಾದರೆ ಮೊದಲು ನೀವೇ ನೋಡಿ, ಆಮೇಲೆ ಮಗುವಿನ ಪಕ್ಕ ಕೂತು ಮತ್ತೊಮ್ಮೆ ನೋಡಿ.