ಸದನದ ಬಾವಿಗಿಳಿದ ಸಮುದ್ರ

2019ರ ನವೆಂಬರ್ 12ರ ರಾತ್ರಿ ವೆನಿಸ್ಸಿನ ಹಳೆಯ ಅರಮನೆಯೊಂದರಲ್ಲಿ ವೆನೆಟೊ ಪ್ರಾಂತೀಯ ಮಂಡಳಿ ಬಜೆಟ್ ಚರ್ಚೆಗೆ ಕುಳಿತಿತ್ತು. ಹವಾಮಾನ ಬದಲಾವಣೆ ಎದುರಿಸಲು ಹಣ ಎತ್ತಿಡಿ ಎಂಬ ತಿದ್ದುಪಡಿಗಳು ಬಂದವು, ಬಹುಮತದ ಏಟಿಗೆ ಬಿದ್ದವು. ಎರಡೇ ನಿಮಿಷದಲ್ಲಿ ನೀರು ಒಳನುಗ್ಗಿತು ಎಂದು ವಿರೋಧ ಪಕ್ಷದ ಸದಸ್ಯರೊಬ್ಬರು ಚಿತ್ರಸಮೇತ ಸಾರಿದರು. ಅಂದಿನ ಉಬ್ಬರ 187 ಸೆಂಟಿಮೀಟರ್.

ನನಗೆ ಸಭಾಮರ್ಯಾದೆಯದೇ ಚಿಂತೆ. ಸಮುದ್ರ ಪಾಸ್ ಪಡೆದಿರಲಿಲ್ಲ, ಗ್ಯಾಲರಿಯಲ್ಲಿ ಕೂರಲೂ ಇಲ್ಲ. ನೇರವಾಗಿ ಸದನದ ಬಾವಿಗಿಳಿದು ಧರಣಿ ಹೂಡಿತು. ಕಡತಕ್ಕೆ ಹೋಗಬಾರದೆಂದು ಅದರ ಮಾತನ್ನು ತೆಗೆದುಹಾಕಿಸಲು ಅಧ್ಯಕ್ಷರಿಗೂ ಸಾಧ್ಯವಿರಲಿಲ್ಲ.

ಹಾಗೆಂದು ಆ ಊರು ಕೈಕಟ್ಟಿ ಕುಳಿತಿರಲಿಲ್ಲ. ಮೋಸೆ ಎಂಬ, ಉಬ್ಬರ ಬಂದಾಗ ನೀರಡಿಯಿಂದ ಎದ್ದು ನಿಲ್ಲುವ 78 ಕದಗಳ ತಡೆಗೋಡೆಗೆ 2003ರಿಂದಲೇ ದುಡ್ಡು ಸುರಿಯುತ್ತಿತ್ತು. 500 ಕೋಟಿ ಯೂರೊ ದಾಟಿತು. ಸಮುದ್ರ ಊರನ್ನು ನುಂಗುವ ಮೊದಲೇ ಕೆಲವರು ಯೋಜನೆಯನ್ನು ನುಂಗಿದ್ದಾರೆ ಎಂದು 2014ರಲ್ಲಿ ಬಂಧನಗಳಾದವು. ಕೊನೆಗೂ 2020ರ ಅಕ್ಟೋಬರಿನಲ್ಲಿ ಕದಗಳು ಎದ್ದವು, ಚಪ್ಪಾಳೆ ಬಿದ್ದಿತು. ಡಿಸೆಂಬರ್ 8ರಂದು ಮಾತ್ರ ಏಳಲಿಲ್ಲ. 130 ಸೆಂಟಿಮೀಟರ್ ಆದರೆ ಎತ್ತಬೇಕೆಂಬುದು ಆಗಿನ ನಿಯಮ. ಮುನ್ಸೂಚನೆ ಅದಕ್ಕಿಂತ ಕೆಳಗಿತ್ತು. ನೀರು 138ಕ್ಕೆ ಬಂದಿತು. ಅರ್ಜಿಯಲ್ಲಿ ಒಂದು ನಮೂದಿಸಿ ಸ್ಥಳದಲ್ಲಿ ಇನ್ನೊಂದು ಮಾಡುವ ನೀರಿನ ಮೇಲೆ ಶಿಸ್ತುಕ್ರಮ ಆಗಲೇಬೇಕಿತ್ತು. ಒಂದು ಮೀಟರ್ ಮುಟ್ಟುವ ಮೊದಲೇ ಒದ್ದೆಯಾಗುವ ಸೇಂಟ್ ಮಾರ್ಕ್ ಚೌಕ ನಿಯಮಾನುಸಾರವಾಗಿಯೇ ಮುಳುಗಿತು.

ಹಳಬರು ಗೋಡೆಯ ಬುಡಕ್ಕೆ ನೀರು ಹೀರದ ಇಸ್ಟ್ರಿಯಾದ ಕಲ್ಲು ಹಾಕಿ, ಅದರ ಮೇಲೆ ಇಟ್ಟಿಗೆ ಕಟ್ಟಿದ್ದರು. ಈಗ ನೀರು ಕಲ್ಲನ್ನು ದಾಟಿ ಇಟ್ಟಿಗೆಗೆ ಹತ್ತುತ್ತದೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ, ಹರಳಾಗಿ ಇಟ್ಟಿಗೆಯನ್ನು ಒಳಗಿಂದಲೇ ಬಿರಿಸುತ್ತದೆ. ಬೆರಳಿನಿಂದ ಉಜ್ಜಿದರೆ ಕೆಂಪು ಹಿಟ್ಟು. ಈ ಹಿಟ್ಟಿಗೆ ಉದ್ಘಾಟನೆಯಿಲ್ಲ, ಕತ್ತರಿಸಲು ರಿಬ್ಬನ್ನೂ ಇಲ್ಲ. ಹಾಗಾಗಿ ಗಾರೆ ಕೆಲಸದವನು ಬರುವುದು ಯಾವಾಗಲೂ ಕದಗಳ ನಂತರ.

1501ರಲ್ಲಿಯೇ ಅಲ್ಲಿ ನೀರಿನ ಉಸ್ತುವಾರಿಗೆಂದು ಅಧಿಕಾರಿಗಳನ್ನು ನೇಮಿಸಿದ್ದರು. ಆ ಉಸ್ತುವಾರಿಯ ಕಚೇರಿಗೆ 2014ರ ಹಗರಣದ ಬಳಿಕ ಬೀಗ ಬಿದ್ದಿತು. 2024ರಲ್ಲಿ ಹೊಸ ವ್ಯವಸ್ಥೆ ಬಂದಿತು: ಜನಜಂಗುಳಿಯ ದಿನಗಳಲ್ಲಿ ಬೆಳಿಗ್ಗೆ ಬಂದು ಸಂಜೆ ಹೋಗುವ ಪ್ರವಾಸಿಗರು 5 ಯೂರೊ ಕಟ್ಟಬೇಕಿತ್ತು. ದಿನಕ್ಕೆರಡು ಬಾರಿ ಬಂದು ಹೋಗುವ ಸಮುದ್ರಕ್ಕೆ ಮಾತ್ರ ಇನ್ನೂ ಯಾರೂ ರಸೀದಿ ಹರಿದಿಲ್ಲ.